ಹಳೆಯ ಸಬ್‌ಮರೀನರ್ ಕೊಳ್ಳುವ ಮುನ್ನ: ಐಗ್ಲಾಸ್ ಹಾಕಿ ನೋಡಬೇಕಾದ್ದು

ಸೆಕೆಂಡ್ ಹ್ಯಾಂಡ್ ದುಬಾರಿ ವಾಚುಗಳ ಬಗ್ಗೆ ಒಟ್ಟಾರೆಯಾಗಿ ಮಾತಾಡಿದರೆ ಯಾವುದೂ ಕೈಗೆ ಹತ್ತುವುದಿಲ್ಲ. ಹಾಗಾಗಿ ಇವತ್ತು ಒಂದೇ ವಾಚನ್ನು ಇಟ್ಟುಕೊಳ್ಳೋಣ. ರೋಲೆಕ್ಸ್ ಸಬ್‌ಮರೀನರ್, ಮಾಡೆಲ್ ನಂಬರು 16610. 1980ರ ದಶಕದ ಕೊನೆಯಿಂದ 2010ರವರೆಗೆ ತಯಾರಾದದ್ದು. 40 ಮಿಲಿಮೀಟರ್ ಸ್ಟೀಲ್ ಕೇಸು, ಕಪ್ಪು ಡಯಲ್ಲು, ಕಪ್ಪು ಅಲ್ಯೂಮಿನಿಯಂ ಬೆಜೆಲ್ (ಗಾಜಿನ ಸುತ್ತ ತಿರುಗುವ ಉಂಗುರ), ಮೂರು ಗಂಟೆಯ ಜಾಗದಲ್ಲಿ ತಾರೀಕು. 300 ಮೀಟರ್ ಆಳದವರೆಗೆ ನೀರು ತಡೆಯುತ್ತದೆ ಎಂದು ಡಯಲ್ಲಿನ ಮೇಲೇ ಬರೆದಿರುತ್ತದೆ.

ಇದನ್ನೇ ಯಾಕೆ ಆರಿಸಿದೆ ಅಂದರೆ, ದೂರದಿಂದ ನೋಡಿದರೆ ಇಪ್ಪತ್ತು ವರ್ಷ ಇದು ಒಂದೇ ಥರ ಇತ್ತು. ಹತ್ತಿರದಿಂದ ನೋಡಿದರೆ ಎರಡು ಮೂರು ವರ್ಷಕ್ಕೊಮ್ಮೆ ಏನೋ ಒಂದು ಬದಲಾಗಿದೆ. ಯಾವ ವರ್ಷ ಏನು ಬದಲಾಯಿತು ಎಂದು ತಿಳಿದಿದ್ದರೆ, ಕೈಗೆ ಬಂದ ವಾಚಿನ ಒಂದು ಭಾಗವನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು. ಹಳೆ ವಾಚು ಕೊಳ್ಳುವ ಕೆಲಸವೆಲ್ಲ ಈ ತಾಳೆ ನೋಡುವುದರಲ್ಲೇ ಇದೆ. ಅಸಲಿಯೋ ನಕಲಿಯೋ ಎಂದು ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಆದರೆ ಹೆಚ್ಚು ಜನ ದುಡ್ಡು ಕಳೆದುಕೊಳ್ಳುವುದು ಅಸಲಿ ವಾಚಿನಲ್ಲೇ. ಕೇಸು ಅಸಲಿ, ಮಷೀನೂ ಅಸಲಿ. ಡಯಲ್ಲು ಬದಲಾಗಿದೆ, ಮುಳ್ಳು ಬೇರೆಯದು, ಕೇಸನ್ನು ನಾಲ್ಕು ಸಲ ಉಜ್ಜಲಾಗಿದೆ. ಆದರೂ ಏನೂ ಮುಟ್ಟದ ವಾಚಿನ ಬೆಲೆ ಕೊಟ್ಟಿರುತ್ತಾರೆ.

ಮೊದಲು ಸೀರಿಯಲ್ ನಂಬರು. ಆರು ಗಂಟೆಯ ಕಡೆ ಚೈನನ್ನು ಬಿಚ್ಚಿದರೆ ಎರಡು ಲಗ್ಗುಗಳ ನಡುವೆ, ಅಂದರೆ ಚೈನು ಸೇರುವ ಕೊಂಬುಗಳ ನಡುವೆ, ಸೀರಿಯಲ್ ಕೆತ್ತಿರುತ್ತದೆ. ಹನ್ನೆರಡರ ಕಡೆ ಮಾಡೆಲ್ ನಂಬರು. 1987ರ ಸುಮಾರಿಗೆ ಕಂಪನಿ ಸೀರಿಯಲ್ಲಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ ಸೇರಿಸಲು ಶುರುಮಾಡಿತು. ಮೊದಲು ಆರ್, ಆಮೇಲೆ ಎಲ್, ಇ, ಎಕ್ಸ್: ಬ್ರಾಂಡಿನ ಹೆಸರಿನದೇ ಅಕ್ಷರಗಳು, ಓ ಒಂದನ್ನು ಬಿಟ್ಟು. ಅದಾದ ಮೇಲೆ ಎನ್, ಸಿ, ಎಸ್, ಡಬ್ಲ್ಯು, ಟಿ, ಯು. ಎ ಅಂದರೆ 1998-99ರ ಸುಮಾರು, ಪಿ ಅಂದರೆ 2000, ವೈ 2002, ಎಫ್ 2003-04, ಝಡ್ 2006, ವಿ 2008ರ ಆಸುಪಾಸು. 2010ರಿಂದ ನಂಬರು, ಅಕ್ಷರ ಎಲ್ಲ ಕಲಸಿದ ಸೀರಿಯಲ್ ಬಂತು. ಅದರಿಂದ ವರ್ಷ ಗೊತ್ತಾಗುವುದಿಲ್ಲ. ಇವು ಅಂದಾಜು ವರ್ಷಗಳು, ಒಂದು ವರ್ಷ ಆಚೀಚೆ ಇರುತ್ತದೆ. ನಮಗೆ ಅಷ್ಟು ಸಾಕು.

ಈಗ ಡಯಲ್ಲಿನ ತೀರಾ ಕೆಳಗೆ, ಆರು ಗಂಟೆಯ ಗುರುತಿನ ಅಡಿಯಲ್ಲಿ ನೋಡಿ. ವಾಚ್ ರಿಪೇರಿಯವರ ಹತ್ತು ಪಟ್ಟಿನ ಐಗ್ಲಾಸ್ ಬೇಕು. ಅಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ 'ಸ್ವಿಸ್ – ಟಿ < 25' ಎಂದಿದ್ದರೆ ಕತ್ತಲಲ್ಲಿ ಹೊಳೆಯುವ ಬಣ್ಣ ಟ್ರಿಟಿಯಂ, ಸಣ್ಣ ವಿಕಿರಣದಿಂದ ತನ್ನಷ್ಟಕ್ಕೇ ಹೊಳೆಯುವಂಥದ್ದು. ಬರೀ 'ಸ್ವಿಸ್' ಎಂದಿದ್ದರೆ 1998-99ರ ಲ್ಯೂಮಿನೋವಾ, ಬೆಳಕು ಹೀರಿಕೊಂಡು ಹೊಳೆಯುವ ಬಣ್ಣ. 'ಸ್ವಿಸ್ ಮೇಡ್' ಎಂದಿದ್ದರೆ ಆಮೇಲಿನ ಸೂಪರ್ ಲ್ಯೂಮಿನೋವಾ. ಸೀರಿಯಲ್ಲಿನ ಅಕ್ಷರದ ಜೊತೆ ಇದು ತಾಳೆಯಾಗಬೇಕು. 1993ರ ಎಸ್ ಸೀರಿಯಲ್ ವಾಚಿನಲ್ಲಿ 'ಸ್ವಿಸ್ ಮೇಡ್' ಡಯಲ್ಲಿದ್ದರೆ, ಅದು ಆಮೇಲೆ ಸರ್ವಿಸ್ ಮಾಡಿಸುವಾಗ ಹಾಕಿದ ಡಯಲ್ಲು. ನಕಲಿ ಅಲ್ಲ, ಕಂಪನಿಯೇ ಹಾಕಿರಬಹುದು. ದಿನಾ ಕಟ್ಟಿಕೊಳ್ಳಲು ಇನ್ನೂ ಒಳ್ಳೆಯದೇ, ಚೆನ್ನಾಗಿ ಹೊಳೆಯುತ್ತದೆ. ಆದರೆ ಮಾರುವವರು 'ಎಲ್ಲ ಒರಿಜಿನಲ್' ಎಂದು ಹೆಚ್ಚಿನ ಬೆಲೆ ಹೇಳಿದರೆ ಅಲ್ಲೇ ಚೌಕಾಸಿ ಶುರುಮಾಡಬೇಕು.

ಹೊಳಪಿನ ಪರೀಕ್ಷೆ ಇನ್ನೂ ಸುಲಭ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತಾ ಹೋಗುತ್ತದೆ. 1993ರ ಟ್ರಿಟಿಯಂ ಇವತ್ತು ತನ್ನಷ್ಟಕ್ಕೆ ಹೊಳೆಯುವ ಶಕ್ತಿಯನ್ನು ಹೆಚ್ಚೂಕಡಿಮೆ ಕಳೆದುಕೊಂಡಿರುತ್ತದೆ. ಮೊಬೈಲ್ ಟಾರ್ಚನ್ನು ಹತ್ತಿರ ಹಿಡಿದು ಆರಿಸಿದರೆ ಕೆಲವು ಸೆಕೆಂಡು ಮಂಕಾಗಿ ಕಂಡು ನಂದಿಹೋಗುತ್ತದೆ. ನಿಮಿಷಗಟ್ಟಲೆ ಹಸಿರಾಗಿ ಹೊಳೆಯುತ್ತಿದ್ದರೆ ಯಾರೋ ಹೊಸ ಬಣ್ಣ ತುಂಬಿದ್ದಾರೆ. ಇನ್ನೊಂದು: ಟ್ರಿಟಿಯಂ ಹಳೆಯದಾದಂತೆ ಬೆಣ್ಣೆ ಬಣ್ಣಕ್ಕೆ, ಆಮೇಲೆ ಕೆನೆ ಕಾಯಿಸಿದ ಬಣ್ಣಕ್ಕೆ ತಿರುಗುತ್ತದೆ. ಡಯಲ್ಲಿನ ಚುಕ್ಕಿಗಳು ಬೆಣ್ಣೆ ಬಣ್ಣ, ಮುಳ್ಳುಗಳು ಬೆಳ್ಳಗೆ ಇದ್ದರೆ ಮುಳ್ಳು ಬದಲಾಗಿದೆ. ಬೆಜೆಲ್ಲಿನ ತ್ರಿಕೋನದಲ್ಲಿರುವ ಮುತ್ತಿನಂಥ ಚುಕ್ಕಿಯನ್ನೂ ಇದರ ಜೊತೆ ಹೋಲಿಸಿ ನೋಡಿ, ಆದರೆ ಅದು ಬಿದ್ದುಹೋಗಿ ಹೊಸದು ಹಾಕಿರುವುದು ಸಾಮಾನ್ಯ. ಅದೊಂದು ಬದಲಾಗಿದ್ದರೆ ದೊಡ್ಡ ವಿಷಯವಲ್ಲ.

ಇದೇ ಥರ ಇನ್ನೂ ಎರಡು ಮೂರು ಗುರುತು. 2002-03ರ ಸುಮಾರಿನಿಂದ ಗಾಜಿನೊಳಗೆ, ಆರು ಗಂಟೆಯ ನೇರಕ್ಕೆ, ಲೇಸರಿನಿಂದ ಕೊರೆದ ಪುಟ್ಟ ಕಿರೀಟ, ಅಂದರೆ ರೋಲೆಕ್ಸಿನ ಗುರುತು, ಇರುತ್ತದೆ. ಬರಿಗಣ್ಣಿಗೆ ಸುಲಭವಾಗಿ ಕಾಣಬಾರದು. ಬೆಳಕನ್ನು ಓರೆಯಾಗಿ ಬಿಟ್ಟು ಐಗ್ಲಾಸಿನಲ್ಲಿ ಹುಡುಕಿದರೆ ಚುಕ್ಕಿಗಳ ಸಾಲಿನಂತೆ ಸಿಗುತ್ತದೆ. ನೋಡಿದ ತಕ್ಷಣ ಎದ್ದು ಕಂಡರೆ ಅನುಮಾನಪಡಿ. 1995ರ ವಾಚಿನಲ್ಲಿ ಈ ಕಿರೀಟ ಇದ್ದರೆ ಗಾಜು ಬದಲಾಗಿದೆ ಎಂದಷ್ಟೇ ಅರ್ಥ. 2003ರ ಸುಮಾರಿನವರೆಗೆ ಲಗ್ಗುಗಳ ಹೊರಮೈಯಲ್ಲಿ ಪಿನ್ನು ತಳ್ಳುವ ರಂಧ್ರಗಳಿದ್ದವು, ಆಮೇಲೆ ಇಲ್ಲ. 2005ರ ನಂತರ ಗಾಜಿನ ಒಳಬದಿಯ ಲೋಹದ ಉಂಗುರದ ಮೇಲೆ ಬ್ರಾಂಡಿನ ಹೆಸರನ್ನು ಸುತ್ತಲೂ ಕೆತ್ತಲು ಶುರುಮಾಡಿದರು. ಕೆಲವು ವರ್ಷದಲ್ಲಿ ಸೀರಿಯಲ್ಲೂ ಅಲ್ಲಿಗೇ ಬಂತು. ಈ ಮಾಡೆಲ್ಲಿಗೆ ಕಂಪನಿ ಗಾಜಿನ ಹಿಂಬದಿ ಕೊಟ್ಟದ್ದೇ ಇಲ್ಲ. ಹಿಂದಿನಿಂದ ಮಷೀನು ಕಾಣುವ 16610 ಯಾರಾದರೂ ತೋರಿಸಿದರೆ ಮುಂದಿನ ಮಾತು ಬೇಡ.

ಕೇಸಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಇಲ್ಲಿ ಆದ ನಷ್ಟ ವಾಪಸ್ ಬರುವುದಿಲ್ಲ. ಮಷೀನಿನ ಭಾಗ ಸವೆದರೆ ಹೊಸದು ಹಾಕಬಹುದು. ಉಜ್ಜಿ ಹೋದ ಲೋಹ ಹೋಯಿತು. ಪ್ರತಿ ಪಾಲಿಷಿನಲ್ಲೂ ಕೇಸಿನಿಂದ ಒಂದು ಪದರ ಹೋಗುತ್ತದೆ. ಫ್ಯಾಕ್ಟರಿಯಿಂದ ಬಂದಾಗ ಲಗ್ಗುಗಳ ಮೇಲ್ಮೈ ಗೀರುಗೀರಾಗಿ ಮ್ಯಾಟ್, ಪಕ್ಕ ಕನ್ನಡಿಯಂತೆ ನುಣುಪು, ಎರಡೂ ಸೇರುವ ಕಡೆ ಚಾಕುವಿನಂಥ ಗೆರೆ. ಬೀದಿಯ ಪಾಲಿಷ್ ಚಕ್ರಕ್ಕೆ ಸಿಕ್ಕಿದ ವಾಚಿನಲ್ಲಿ ಆ ಗೆರೆ ಕರಗಿ, ಸೋಪು ಸವೆದಂತೆ ದುಂಡಾಗಿರುತ್ತದೆ. ಕನ್ನಡಿ ಪಕ್ಕದಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ನೇರ ಗೆರೆ ಅಲೆಅಲೆಯಾಗಿ ಕಂಡರೆ ಕೈಯಲ್ಲಿ ಉಜ್ಜಿದ್ದಾರೆ. ಹಳೆಯದರಲ್ಲಿ ಲಗ್ಗಿನ ರಂಧ್ರಗಳನ್ನು ನೋಡಿ: ರಂಧ್ರದ ಅಂಚು ಹೊರಗಡೆ ಅಗಲವಾಗಿ ಬಟ್ಟಲಿನಂತೆ ಆಗಿದ್ದರೆ, ಅಥವಾ ಅಂಚಿಗೆ ತೀರಾ ಹತ್ತಿರ ಬಂದಿದ್ದರೆ ಎಷ್ಟು ಲೋಹ ಹೋಗಿದೆ ಎಂಬ ಅಂದಾಜು ಸಿಗುತ್ತದೆ. ನಾಲ್ಕು ಲಗ್ಗುಗಳ ದಪ್ಪ ಒಂದೇ ಇರಬೇಕು. ಕೀ ತಿರುಪಿನ ಎರಡೂ ಬದಿಯ ಕಾವಲು ಕೊಂಬುಗಳೂ ಸಮ ಇರಬೇಕು. ಗೀರು ಬಿದ್ದ, ಪಾಲಿಷ್ ಮಾಡದ ಕೇಸು, ಫಳಫಳ ಹೊಳೆಯುವ ಸವೆದ ಕೇಸಿಗಿಂತ ಬೆಲೆ ಬಾಳುತ್ತದೆ. ಇದನ್ನು ಅರಿತುಕೊಳ್ಳದ ಅಂಗಡಿಯವರು ಇವತ್ತಿಗೂ ವಾಚನ್ನು ಮಾರಾಟಕ್ಕೆ ಇಡುವ ಮೊದಲು ಹೊಳಪು ಕೊಡುತ್ತಾರೆ. ಕಾಣುವಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇನ್ನೊಂದು ಜಾಗ ನೋಡಲೇಬೇಕು. ಹಿಂದಿನ ಮುಚ್ಚಳ ಬಿಚ್ಚಿದಾಗ ರಬ್ಬರ್ ಉಂಗುರ ಕೂರುವ ತೋಡು. ಬೆವರು, ಉಪ್ಪುಗಾಳಿ ಅಲ್ಲಿ ನಿಂತು ನಿಂತು ಸ್ಟೀಲನ್ನು ಸಾಸಿವೆ ಕಾಳಿನಷ್ಟು ಸಣ್ಣ ಗುಳಿಗಳಾಗಿ ತಿಂದಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗುಳಿ ತೋಡನ್ನು ದಾಟಿ ಒಳಬದಿಗೆ ಹೋಗಿದ್ದರೆ ಹೊಸ ರಬ್ಬರ್ ಹಾಕಿದರೂ ನೀರು ತಡೆಯುವುದಿಲ್ಲ. ಲೇಸರ್ ವೆಲ್ಡಿಂಗ್ ಮಾಡಿಸಿ ಮತ್ತೆ ಕೊರೆಸಬೇಕು, ಅದು ದುಬಾರಿ ಕೆಲಸ. 300 ಮೀಟರ್ ಎಂದು ಬರೆದದ್ದು ಹೊಸ ವಾಚಿಗೆ, ಹೊಸ ರಬ್ಬರಿಗೆ. ಹಳೆಯ ವಾಚನ್ನು ಒತ್ತಡದ ಯಂತ್ರದಲ್ಲಿ ಪರೀಕ್ಷಿಸುವವರೆಗೆ ಕೈ ತೊಳೆಯುವಾಗಲೂ ಬಿಚ್ಚಿಡಿ.

ಚೈನು ಬೇಗ ಮುಗಿಸೋಣ. ವಾಚನ್ನು ಪಕ್ಕಕ್ಕೆ, ಮೂರು ಗಂಟೆ ಮೇಲೆ ಬರುವಂತೆ ಹಿಡಿದು ಚೈನನ್ನು ಅಡ್ಡ ಚಾಚಿ. ನೇರ ನಿಂತರೆ ಒಳ್ಳೆಯದು, ಹಗ್ಗದಂತೆ ಜೋತುಬಿದ್ದರೆ ಕೊಂಡಿಗಳೊಳಗಿನ ಪಿನ್ನು, ರಂಧ್ರ ಸವೆದಿವೆ. 2000ದ ಸುಮಾರಿನವರೆಗೆ ಚೈನಿನ ತುದಿ ಕೊಂಡಿಗಳು ಪೊಳ್ಳು ತಗಡು, ಆಮೇಲೆ ಗಟ್ಟಿ ಲೋಹ. ಕೊಕ್ಕೆಯ ಒಳಗೆ ಚೈನು ತಯಾರಾದ ಕಾಲದ ಸಂಕೇತಾಕ್ಷರ ಒತ್ತಿರುತ್ತದೆ, ಅದನ್ನೂ ಸೀರಿಯಲ್ ಜೊತೆ ತಾಳೆ ಹಾಕಿ. ಕೊಂಡಿಗಳನ್ನು ಎಣಿಸಿ. ದಪ್ಪ ಕೈಯವರು ಕಡಿಮೆ ಕೊಂಡಿಯ ಚೈನು ಕೊಂಡರೆ ಉಳಿದ ಕೊಂಡಿ ಒಂದೊಂದಕ್ಕೂ ಬೇರೆ ದುಡ್ಡು.

ಇನ್ನು ಮಷೀನು. ಕ್ಯಾಲಿಬರ್ 3135. 1988ರಲ್ಲಿ ಬಂದದ್ದು, 31 ಹರಳು, ಗಂಟೆಗೆ 28,800 ಬಡಿತ. ಅಂದರೆ ಸೆಕೆಂಡಿಗೆ 8. ಸೆಕೆಂಡ್ ಮುಳ್ಳು ಸಣ್ಣ ಸಣ್ಣ ಹೆಜ್ಜೆಯಿಟ್ಟು ಹರಿಯುವಂತೆ ಕಾಣುತ್ತದೆ. ಅಗ್ಗದ ನಕಲಿಗಳಲ್ಲಿ 21,600 ಬಡಿತದ ಮಷೀನು ಇರುವುದುಂಟು, ಸೆಕೆಂಡಿಗೆ 6. ಪಕ್ಕಪಕ್ಕ ಇಟ್ಟರೆ ಕಣ್ಣಿಗೇ ತಿಳಿಯುತ್ತದೆ. ಆದರೆ ಇದನ್ನು ನಂಬಿ ಕೂರಬೇಡಿ. 3135ನ್ನೇ ಭಾಗಕ್ಕೆ ಭಾಗ ಹೋಲುವಂತೆ ಮಾಡಿದ ನಕಲಿಗಳು ಈಗ ಇವೆ.

ಕೀ ತಿರುಪನ್ನು ಬಿಚ್ಚಿ. ಕಿರೀಟದ ಗುರುತಿನ ಕೆಳಗೆ ಮೂರು ಚುಕ್ಕಿ ಇರಬೇಕು. ತಿರುಪು ಸಲೀಸಾಗಿ ಬಿಚ್ಚಿ, ಸಲೀಸಾಗಿ ಮತ್ತೆ ಕೂರಬೇಕು. ಎಳೆ ತಪ್ಪಿ ಜಾರಿದರೆ ತಿರುಪು, ಅದರ ಕೊಳವೆ ಎರಡೂ ಹೋಗಿವೆ. ಬಿಚ್ಚಿದ ಜಾಗದಲ್ಲಿ ಕೀ ಕೊಡಬಹುದು. ಒಂದು ಸಲ ಎಳೆದರೆ ತಾರೀಕು ಬದಲಾಗುತ್ತದೆ, ಎರಡನೇ ಸಲ ಎಳೆದರೆ ಸೆಕೆಂಡ್ ಮುಳ್ಳು ನಿಂತು ಗಂಟೆ ಸರಿಮಾಡಬಹುದು. ಈಗ ಮುಳ್ಳುಗಳನ್ನು ಮುಂದಕ್ಕೆ ತಿರುಗಿಸುತ್ತಾ ರಾತ್ರಿ ಹನ್ನೆರಡು ದಾಟಿಸಿ. ಈ ಮಷೀನಿನಲ್ಲಿ ತಾರೀಕು ಟಕ್ ಎಂದು ಒಂದೇ ಏಟಿಗೆ ಹಾರಬೇಕು. ಹತ್ತೂವರೆಯಿಂದಲೇ ಮೆಲ್ಲಗೆ ತೆವಳುತ್ತಾ ಬಂದರೆ ಒಳಗಿರುವುದು ಬೇರೆ ಮಷೀನು ಇರಬಹುದು, ಇಲ್ಲವೆ ತಾರೀಕಿನ ಚಕ್ರದ ಭಾಗ ಕೆಟ್ಟಿದೆ.

ಆಮೇಲೆ ಟೈಮ್‌ಗ್ರಾಫರ್. ಬಡಿತದ ಶಬ್ದ ಕೇಳಿ ಲೆಕ್ಕ ಹಾಕುವ ಸಣ್ಣ ಯಂತ್ರ, ಈಗ ಒಳ್ಳೆಯ ರಿಪೇರಿಯವರೆಲ್ಲರ ಮೇಜಿನ ಮೇಲೂ ಇರುತ್ತದೆ. ಲಿಫ್ಟ್ ಆಂಗಲ್, ಅಂದರೆ ವಾಚಿನ ಮಷೀನಿಗೆ ತಕ್ಕಂತೆ ಯಂತ್ರದಲ್ಲಿ ಹೊಂದಿಸುವ ಕೋನ, 52 ಡಿಗ್ರಿಗೆ ಇಡಿಸಿ. ಯಂತ್ರದಲ್ಲಿ ಸಾಮಾನ್ಯವಾಗಿ ಮೊದಲೇ ಅಷ್ಟಿರುತ್ತದೆ, ಆದರೆ ನಿಮಗಿಂತ ಮುಂಚೆ ಕೋ-ಆಕ್ಸಿಯಲ್ ಎಂಬ ಬೇರೆ ಬಗೆಯ ಮಷೀನಿನ ಒಮೆಗಾ ಪರೀಕ್ಷಿಸಿದ್ದರೆ 38 ಆಗಿರಬಹುದು, ಆಗ ಅಂಕಿ ಎಲ್ಲ ತಪ್ಪು ಬರುತ್ತದೆ. ಪೂರ್ತಿ ಕೀ ಕೊಟ್ಟು, ಡಯಲ್ಲು ಮೇಲಾಗಿ ಇಟ್ಟರೆ ಆಂಪ್ಲಿಟ್ಯೂಡ್, ಅಂದರೆ ಒಳಗಿನ ಬ್ಯಾಲೆನ್ಸ್ ಚಕ್ರ ತೂಗುವ ಅಳತೆ, 270ರಿಂದ 310 ಡಿಗ್ರಿ ಬರಬೇಕು. 220ರ ಕೆಳಗಿದ್ದರೆ ಎಣ್ಣೆ ಒಣಗಿದೆ, ಸರ್ವಿಸ್ ಬೇಕು. ಬೀಟ್ ಎರರ್, ಅಂದರೆ 'ಟಿಕ್' ಮತ್ತು 'ಟಾಕ್' ನಡುವಿನ ಸಮಯದ ವ್ಯತ್ಯಾಸ, ಅರ್ಧ ಮಿಲಿಸೆಕೆಂಡಿನ ಒಳಗಿದ್ದರೆ ಚೆನ್ನ. ಒಂದೇ ಭಂಗಿಯಲ್ಲಿ ನೋಡಿ ಖುಷಿಪಡಬೇಡಿ. ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಕೆಳಗೆ, ಕೀ ಮೇಲೆ, ಇಷ್ಟಾದರೂ ನೋಡಿ. ಮಲಗಿಸಿದಾಗ ದಿನಕ್ಕೆ 2 ಸೆಕೆಂಡು ಮುಂದೆ, ನಿಲ್ಲಿಸಿದಾಗ 15 ಸೆಕೆಂಡು ಹಿಂದೆ ಹೋಗುವ ವಾಚು ಇರುತ್ತದೆ. ಎಲ್ಲ ಭಂಗಿಯಲ್ಲೂ ವಿಪರೀತ ಮುಂದೆ ಓಡುತ್ತಿದ್ದರೆ ಮೊದಲು ಅಯಸ್ಕಾಂತದ ಅನುಮಾನಪಡಿ. ಸ್ಪೀಕರು, ಮೊಬೈಲ್ ಕವರಿನ ಅಯಸ್ಕಾಂತ ತಗುಲಿ ಒಳಗಿನ ಕೂದಲೆಳೆಯ ಸ್ಪ್ರಿಂಗಿನ ಸುರುಳಿಗಳು ಅಂಟಿಕೊಂಡಿರುತ್ತವೆ. ಅದನ್ನು ಬಿಡಿಸುವುದು ಒಂದು ನಿಮಿಷದ ಕೆಲಸ.

3135ರ ಒಂದು ಗೊತ್ತಿರುವ ಕಾಯಿಲೆ ರೋಟರಿನ ಅಚ್ಚು. ಕೈ ಅಲುಗಿದಂತೆ ತಿರುಗಿ ಕೀ ಕೊಡುವ ಅರ್ಧಚಂದ್ರದ ಭಾರ ಇದೆಯಲ್ಲ, ಅದು ಒಂದು ಸಣ್ಣ ಅಚ್ಚಿನ ಮೇಲೆ ನಿಂತಿದೆ. ವರ್ಷಗಟ್ಟಲೆ ಸರ್ವಿಸ್ ಮಾಡಿಸದೆ ಎಣ್ಣೆ ಒಣಗಿದರೆ ಅಚ್ಚು ಸವೆದು ರೋಟರು ಜೋಲುತ್ತದೆ, ಕೆಳಗಿನ ತಟ್ಟೆಗೋ ಮುಚ್ಚಳಕ್ಕೋ ಉಜ್ಜುತ್ತದೆ. ಮುಚ್ಚಳ ತೆಗೆಸಿದಾಗ ಅದರ ಒಳಮೈಯಲ್ಲಿ, ರೋಟರಿನ ಅಂಚು ಹೋಗುವ ದಾರಿಯಲ್ಲಿ ಬಳೆಯಾಕಾರದ ಗೀರು ಇದೆಯೇ ನೋಡಿ. ಲೋಹದ ಪುಡಿ ಹೊಳೆಯುತ್ತಿದೆಯೇ ನೋಡಿ. ಮುಚ್ಚಳ ತೆಗೆಸಲು ಒಪ್ಪದ ಮಾರಾಟಗಾರರಿಂದ ಈ ಬೆಲೆಯ ವಾಚು ಕೊಳ್ಳಬಾರದು. ಆದರೆ ತೆಗೆಯುವುದು ಸರಿಯಾದ ಹಲ್ಲಿನ ಸಾಧನದಿಂದ, ರಿಪೇರಿ ಮೇಜಿನ ಮೇಲೆ. ಚಾಕು ಹಾಕಿ ಎಬ್ಬಿಸಿದ ಮುಚ್ಚಳಗಳ ಸುತ್ತ ಜಾರಿದ ಗೀರು ಕಾಣುತ್ತದೆ. ಹಾಗೆ ತೆಗೆದವರು ಒಳಗೇನು ಮಾಡಿರಬಹುದು ಎಂದು ಅದರಿಂದಲೇ ಊಹಿಸಿ.

ಇಲ್ಲಿ ಸ್ವಲ್ಪ ಪಕ್ಕದ ದಾರಿ. ಇದನ್ನೆಲ್ಲ ನೋಡುವ ಕಣ್ಣು ಪಳಗುವುದು ಹೇಗೆ? ನಮ್ಮ ಊರಿನಲ್ಲೇ ಅದಕ್ಕೆ ಪಾಠಶಾಲೆ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು. ಕಂಪನಿ ಮುಚ್ಚಿದ ಮೇಲೆ ಅದರ ಹಳೆಯ ಜನತಾ, ಪೈಲಟ್ ಮಾಡೆಲ್ಲು ಎಲ್ಲದಕ್ಕೂ ಬೇಡಿಕೆ ಬಂದು, ಡಯಲ್ಲಿಗೆ ಹೊಸ ಬಣ್ಣ ಬಳಿದು ಕಲಸುಮೇಲೋಗರ ಜೋಡಿಸಿದ ವಾಚುಗಳು ಬೇಕಾದಷ್ಟು ಬಂದವು. ವ್ಯಾಪಾರದಲ್ಲಿ ಇವಕ್ಕೆ 'ಬಾಂಬೆ ಸ್ಪೆಷಲ್' ಎನ್ನುತ್ತಾರೆ. ಫಾವ್ರ್ ಲ್ಯೂಬಾ, ಸೀಕೋ 5, ಹಳೆಯ ಒಮೆಗಾಗಳಲ್ಲೂ ಇದೇ ಕಥೆ. ಒಂದು ಅಸಲಿ ಜನತಾ, ಒಂದು ಬಣ್ಣ ಬಳಿದ ಜನತಾ ಪಕ್ಕಪಕ್ಕ ಇಟ್ಟು ಐಗ್ಲಾಸಿನಲ್ಲಿ ನೋಡಿ. ಅಸಲಿ ಅಕ್ಷರದ ಅಂಚು ಕತ್ತರಿಸಿದಂತೆ ಚೊಕ್ಕ. ಬಳಿದದ್ದರಲ್ಲಿ ಶಾಯಿ ಹರಡಿ ದಪ್ಪವಾಗಿದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಸರಿಯಾಗಿ ಕೂತಿಲ್ಲ, ಡಯಲ್ಲಿನ ಅಂಚಿನಲ್ಲಿ ಬಣ್ಣ ಗಂಟು ಕಟ್ಟಿದೆ. ಸ್ವಲ್ಪ ದುಡ್ಡಿನಲ್ಲಿ ಕಲಿತ ಈ ಕಣ್ಣು ಲಕ್ಷಗಳ ವಾಚಿಗೂ ಅದೇ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ ಮಾತ್ರ: 1960ರ ದಶಕಕ್ಕಿಂತ ಹಿಂದಿನ ಹೊಳೆಯುವ ಡಯಲ್ಲುಗಳಲ್ಲಿ ರೇಡಿಯಂ ಇರಬಹುದು. ಅದರ ಅರ್ಧಾಯುಷ್ಯ 1,600 ವರ್ಷ. ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ. ಕೆರೆಯಬೇಡಿ, ಪುಡಿ ಊದಬೇಡಿ.

ಜೋಡಿಸಿದ ವಾಚು ಬರೀ ಬೀದಿ ವ್ಯಾಪಾರದ ಸಮಸ್ಯೆ ಎಂದುಕೊಳ್ಳಬೇಡಿ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಒಂದು ಒಮೆಗಾ ಸ್ಪೀಡ್‌ಮಾಸ್ಟರ್, ಮೊದಲ ತಲೆಮಾರಿನ 2915-1, 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗಾಗಿ. 2023ರಲ್ಲಿ ಹೊರಬಿತ್ತು: ಅದು ಬೇರೆ ಬೇರೆ ಕಡೆಯ ಭಾಗ ಸೇರಿಸಿ ಕಟ್ಟಿದ ವಾಚು. ತನ್ನದೇ ಮಾಜಿ ನೌಕರರ ಕೈವಾಡ ಇದರಲ್ಲಿದೆ ಎಂದು ಕಂಪನಿ ಹೇಳಿತು. ಕಾಗದಪತ್ರ ಎಷ್ಟೇ ಗಟ್ಟಿಯಾಗಿದ್ದರೂ ವಾಚನ್ನೇ ನೋಡಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹಾಗೆಂದು ಕಾಗದ ಬೇಡ ಅಂತಲ್ಲ. ಗ್ಯಾರಂಟಿ ಕಾರ್ಡಿನ ಸೀರಿಯಲ್ಲು ಲಗ್ಗಿನ ನಡುವಿನ ಸೀರಿಯಲ್ಲಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಕಾರ್ಡನ್ನೂ ನಕಲು ಮಾಡುತ್ತಾರೆ, ಪೆಟ್ಟಿಗೆಯನ್ನು ಬೇರೆ ಕೊಂಡು ಸೇರಿಸುತ್ತಾರೆ. ಕಾರ್ಡಿಗಿಂತ ನನಗೆ ಹೆಚ್ಚು ನಂಬಿಕೆ ಕಂಪನಿಯ ಸರ್ವಿಸ್ ಸೆಂಟರಿನ ರಸೀದಿಯ ಮೇಲೆ. ರೋಲೆಕ್ಸ್ ಸರ್ವಿಸ್ ಮಾಡಿದರೆ 2 ವರ್ಷದ ಗ್ಯಾರಂಟಿ ಕೊಡುತ್ತದೆ. ಹೊರಗಿನ ವಜ್ರ ಕೂರಿಸಿದ, ನಕಲಿ ಭಾಗ ಹಾಕಿದ ವಾಚನ್ನು ಅವರು ಹಾಗೆಯೇ ಸರ್ವಿಸ್ ಮಾಡುವುದಿಲ್ಲ. ಹಾಗಾಗಿ ಇತ್ತೀಚಿನ ರಸೀದಿ ಇದ್ದರೆ ಆ ದಿನದ ಮಟ್ಟಿಗೆ ವಾಚು ಸರಿಯಿತ್ತು ಎಂದು ಲೆಕ್ಕ. 2022ರ ಕೊನೆಯಲ್ಲಿ ಕಂಪನಿಯೇ ಹಳೆ ವಾಚುಗಳನ್ನು ಪ್ರಮಾಣೀಕರಿಸಿ ಮಾರುವ ವ್ಯವಸ್ಥೆ ಶುರುಮಾಡಿದೆ, ಅದಕ್ಕೂ 2 ವರ್ಷದ ಗ್ಯಾರಂಟಿ. ಬೆಲೆ ಹೆಚ್ಚಿರುತ್ತದೆ, ಐಗ್ಲಾಸ್ ಹಿಡಿಯುವ ತಾಳ್ಮೆ ಇಲ್ಲದವರಿಗೆ ಆ ಹೆಚ್ಚಿನ ಬೆಲೆ ಸಾರ್ಥಕ. ಕಳುವಿನ ವಾಚೋ ಅಲ್ಲವೋ ಎಂದು ತಿಳಿಯಲು ಲಂಡನ್ನಿನ ವಾಚ್ ರಿಜಿಸ್ಟರ್‌ನಲ್ಲಿ ಸೀರಿಯಲ್ ಕೊಟ್ಟು ಹುಡುಕಿಸಬಹುದು.

ದುಬೈನಲ್ಲಿರುವ ನಮ್ಮವರು, ಅಲ್ಲಿರುವ ಅಣ್ಣನಿಂದಲೋ ಭಾವನಿಂದಲೋ ತರಿಸುವವರು ಇದನ್ನು ಗಮನಿಸಿ. ವಿದೇಶದಿಂದ ಬಳಸಿದ ವಸ್ತುಗಳನ್ನು ಕೊರಿಯರಿನಲ್ಲಿ ತರಿಸುವುದು ನಮ್ಮ ಆಮದು ನೀತಿಯಲ್ಲಿ ನಿರ್ಬಂಧಿತ, ಪರವಾನಗಿ ಬೇಕು. ಪಾರ್ಸಲ್ ಕಸ್ಟಮ್ಸಿನಲ್ಲಿ ಸಿಕ್ಕಿಬೀಳುವ ಸಾಧ್ಯತೆಯೇ ಹೆಚ್ಚು. ಕೈಗೆ ಕಟ್ಟಿಕೊಂಡು ಬಂದರೆ ಕೇಳುವವರಿಲ್ಲ ಎನ್ನುವುದು ತಪ್ಪು ತಿಳಿವಳಿಕೆ. ವಿಮಾನ ನಿಲ್ದಾಣದಲ್ಲಿ ಸುಂಕದ ವಸ್ತು ಇದೆ ಎಂದು ಹೇಳಿಕೊಳ್ಳುವ ರೆಡ್ ಚಾನೆಲ್ಲಿಗೆ ಹೋಗಿ, ಬಿಲ್ಲು ತೋರಿಸಿ, ಸುಂಕ ಕಟ್ಟಿ, ರಸೀದಿಯನ್ನು ವಾಚಿನ ಪೆಟ್ಟಿಗೆಯಲ್ಲೇ ಇಡಿ. ಮುಂದೆ ಮಾರುವಾಗಲೂ ಅದು ಬೇಕು. ಇಲ್ಲಿ ಕೊಂಡ ವಾಚನ್ನು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವಾಗಲೇ ಕಸ್ಟಮ್ಸಿನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸ್ ಬರುವಾಗ ತಂಟೆ ಇಲ್ಲ.

ದುಡ್ಡು ಕೊಡುವಾಗ ಬ್ಯಾಂಕ್ ಮೂಲಕವೇ ಕೊಡಿ. 2 ಲಕ್ಷ ಅಥವಾ ಹೆಚ್ಚು ನಗದು ಪಡೆಯುವುದು ಕಾನೂನಿಗೆ ವಿರುದ್ಧ, 2 ಲಕ್ಷ ಮೀರಿದ ಖರೀದಿಗೆ ಪ್ಯಾನ್ ಕೊಡಬೇಕು. 2025ರ ಏಪ್ರಿಲಿನಿಂದ 10 ಲಕ್ಷ ಮೀರಿದ ಕೈಗಡಿಯಾರಕ್ಕೆ ಅಂಗಡಿಯವರು ಶೇ 1 ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮ ತೆರಿಗೆ ಲೆಕ್ಕಕ್ಕೆ ಜಮಾ ಆಗುತ್ತದೆ, ರಿಟರ್ನ್ಸ್ ತುಂಬುವಾಗ ಮರೆಯಬೇಡಿ. ಬೆಲೆ ಕಟ್ಟುವಾಗ ಜಾಹೀರಾತಿನಲ್ಲಿ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. 2022ರ ಆರಂಭದಲ್ಲಿ ಬೆಲೆಗಳು ತುದಿ ಮುಟ್ಟಿ ಆಮೇಲೆ ಇಳಿದವು. ಅವತ್ತು ಕೊಂಡವರು ಕೆಲವರು ಇವತ್ತಿಗೂ ಅದೇ ಬೆಲೆ ಹಿಡಿದು ಕೂತಿದ್ದಾರೆ. ಸರ್ವಿಸ್ ರಸೀದಿ ಇಲ್ಲದಿದ್ದರೆ ಸರ್ವಿಸ್ ಖರ್ಚನ್ನು ಮೊದಲೇ ಕಳೆದು ಮಾತಾಡಿ. ಬಿಲ್ಲಿನಲ್ಲಿ ಮಾಡೆಲ್ ನಂಬರು, ಪೂರ್ತಿ ಸೀರಿಯಲ್ಲು, ಬದಲಾದ ಭಾಗ ಯಾವುವು, ಅಸಲಿ ಅಲ್ಲವೆಂದು ತಿಳಿದರೆ ಎಷ್ಟು ದಿನದಲ್ಲಿ ದುಡ್ಡು ವಾಪಸ್, ಈ ನಾಲ್ಕನ್ನೂ ಬರೆಸಿ ಸಹಿ ಹಾಕಿಸಿ.

ಆ ವಾಪಸ್ ದಿನಗಳನ್ನು ಬಳಸಿಕೊಳ್ಳಿ. ವಾಚನ್ನು ಲಾಕರಿನಲ್ಲಿಡದೆ ಕಟ್ಟಿಕೊಳ್ಳಿ. ಮೊದಲ ದಿನ ಬೆಳಿಗ್ಗೆ ಮೊಬೈಲಿನ ಗಂಟೆಗೆ ಸೆಕೆಂಡು ಸರಿ ಹೊಂದಿಸಿ, ದಿನಾ ಅದೇ ಹೊತ್ತಿಗೆ ಎಷ್ಟು ಸೆಕೆಂಡು ಆಚೀಚೆ ಎಂದು ಬರೆದಿಡಿ. ಐದು ದಿನ ಆದ ಮೇಲೆ ಶುಕ್ರವಾರ ರಾತ್ರಿ ಪೂರ್ತಿ ಕೀ ಕೊಟ್ಟು ಬಿಚ್ಚಿಡಿ. ಸುಮಾರು 48 ಗಂಟೆ ಓಡಬೇಕು, ಅಂದರೆ ಭಾನುವಾರ ರಾತ್ರಿಯವರೆಗೆ. ಶನಿವಾರ ಸಂಜೆಗೇ ನಿಂತಿದ್ದರೆ ಸೋಮವಾರ ಬೆಳಿಗ್ಗೆ ಅಂಗಡಿಯವರಿಗೆ ಫೋನ್ ಮಾಡಿ.